ಕಣ್ಣಿಗೆ ಬಿದ್ದ ಹುಳು ಪಾಪವೂ ಅಲ್ಲ, ಶಾಪವೂ ಅಲ್ಲ



ಕುರಿಯ ತಲೆಯನ್ನು ಹೆರೆದು ಕೊಡಲಿಯಿಂದ ಒಡೆಯುವಾಗ ಮೂಗಿನ ಮೇಲಿನ ಗೂಡಿನಿಂದ ದಪ್ಪನೆಯ ಹುಳು ಹೊರಳಿ ಬೀಳುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಮಾಸಲು ಹಳದಿ ಬಣ್ಣ, ಬೆನ್ನಿನ ಮೇಲೆ ಕಪ್ಪು ಪಟ್ಟೆ. ಅದನ್ನು ಕಾಲಿನಿಂದ ಒತ್ತಟ್ಟಿಗೆ ಸರಿಸಿ ನಾವು ಕೆಲಸ ಮುಂದುವರಿಸುತ್ತೇವೆ. ರಾಯದುರ್ಗ, ಮಡಕಶಿರಾ, ಜತ್ತ, ಅಕ್ಕಲಕೋಟೆ ಕಡೆಯ ಮನೆಗಳಿಗೆ ಇದೇನೂ ಹೊಸ ಸಂಗತಿಯಲ್ಲ. ಆದರೆ ಇದೇ ಹುಳು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿರುವಾಗ ಮನುಷ್ಯನ ಕಣ್ಣಿನಲ್ಲಿಯೂ ಬಂದು ಬೀಳುತ್ತದೆ ಎಂಬದನ್ನು ಬಲ್ಲವರು ಕಡಿಮೆ. ಬಲ್ಲವರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕಣ್ಣಿನಲ್ಲಿ ಹುಳು ಬಿತ್ತು ಎಂದು ಹೇಳಿಕೊಳ್ಳುವುದು ಯಾರಿಗೆ ತಾನೇ ಹಿತ?

ಈ ಪುಟದಲ್ಲಿ ನಾವು ಕೂಲಿಯ ಮಾತನ್ನೇ ಹೆಚ್ಚಾಗಿ ಆಡುತ್ತ ಬಂದವರು. ಈ ಸಲ ಕಣ್ಣಿನ ಮಾತನ್ನು ಎತ್ತಿಕೊಂಡಿದ್ದೇವೆ. ಇದೂ ಕೂಲಿಯ ಮಾತೇ. ಯಾಕಂದರೆ ಕುರಿ ಕಾಯುವವನು, ಮಂದೆ ಹಾಕಿಸಿದ ಹೊಲದಲ್ಲಿ ಕೆಲಸ ಮಾಡುವವಳು, ಸಂತೆಯಲ್ಲಿ ಕುರಿ ಇಳಿಸುವವನು, ಕಸಾಯಿಖಾನೆಯಲ್ಲಿ ದುಡಿಯುವವನು, ಇವರೇ ಈ ನೊಣಕ್ಕೆ ಮೊದಲು ಎದುರಾಗುವವರು.

ಈ ನೊಣಕ್ಕೆ ಶಾಸ್ತ್ರಜ್ಞರು ಇಟ್ಟ ಹೆಸರು ಈಸ್ಟ್ರಸ್ ಓವಿಸ್. ಸ್ವೀಡನ್ ದೇಶದ ಲಿನೇಯಸನು 1758ರಲ್ಲಿಯೇ ಈ ಹೆಸರು ಕೊಟ್ಟನು. ನಾವು ಕುರಿಯ ಮೂಗುನೊಣವೆಂದು ಕರೆದರೆ ಸಾಕು. ಬೂದು ಬಣ್ಣ, ಮನೆನೊಣಕ್ಕಿಂತ ದಪ್ಪ, ಹೆಚ್ಚುಕಡಿಮೆ ಜೇನುನೊಣದ ಗಾತ್ರ. ವಿಚಿತ್ರವೇನೆಂದರೆ, ಬೆಳೆದು ರೆಕ್ಕೆ ಬಂದ ಮೇಲೆ ಇದಕ್ಕೆ ಉಣ್ಣಲು ಬಾಯಿಯೇ ಇಲ್ಲ. ಹುಳುವಾಗಿದ್ದಾಗ ಕುರಿಯ ಮೂಗಿನಲ್ಲಿ ತಿಂದು ಕೂಡಿಟ್ಟದ್ದರ ಬಲದಿಂದಲೇ ಕೆಲವು ದಿನ ಬದುಕಿ, ಮರಿ ಹಾಕಿ ಸಾಯುತ್ತದೆ. ಮರಿ ಹಾಕಿ ಎಂದು ಬೇಕೆಂದೇ ಬರೆದೆವು. ಇತರ ನೊಣಗಳ ಹಾಗೆ ಇದು ಮೊಟ್ಟೆಯಿಡುವುದಿಲ್ಲ. ಮೊಟ್ಟೆಗಳು ತಾಯಿಯ ಹೊಟ್ಟೆಯಲ್ಲಿಯೇ ಒಡೆದು ಜೀವವಿರುವ ಹುಳುಗಳಾಗುತ್ತವೆ. ತಾಯಿ ನೊಣವು ಎಲ್ಲಿಯೂ ಕೂರದೆ, ಹಾರುತ್ತಲೇ ಕುರಿಯ ಇಲ್ಲವೆ ಮೇಕೆಯ ಮೂಗಿನ ಮುಂದೆ ಬಂದು, ಒಂದು ಹನಿ ದ್ರವದೊಡನೆ ಹುಳುಗಳನ್ನು ಹೊಳ್ಳೆಗೆ ಚಿಮ್ಮಿ ಹೋಗುತ್ತದೆ. ಒಂದೊಂದು ನೊಣವೂ ತನ್ನ ಸ್ವಲ್ಪ ಆಯುಸ್ಸಿನಲ್ಲಿ ನೂರಾರು ಹುಳುಗಳನ್ನು ಹೀಗೆ ಬಿಡಬಲ್ಲದು.

ಕುರಿಗೆ ಇದು ಗೊತ್ತು. ಬಿಸಿಲೇರಿದ ಹೊತ್ತಿನಲ್ಲಿ ಮಂದೆಯ ಕುರಿಗಳೆಲ್ಲ ಮೇಯುವುದನ್ನು ಬಿಟ್ಟು ತಲೆ ತಗ್ಗಿಸಿ, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ಮೂತಿ ತೂರಿಸಿಕೊಂಡು ಗುಂಪಾಗಿ ನಿಲ್ಲುವುದನ್ನು ನೀವು ನೋಡಿಲ್ಲವೇ? ಬಿಸಿಲಿಗೆ ಹಾಗೆ ನಿಂತಿವೆ ಎನ್ನುತ್ತೇವೆ. ಅದು ನಿಜ. ಆದರೆ ಎಷ್ಟೋ ಸಲ ಅವು ಮೂಗನ್ನು ಈ ನೊಣದಿಂದ ಬಚ್ಚಿಡುತ್ತಿರುತ್ತವೆ. ಕೆಲವು ಕುರಿಗಳು ಒಮ್ಮೆಲೇ ಬೆದರಿ ಓಡುತ್ತವೆ, ಕಾಲು ಕುಟ್ಟುತ್ತವೆ, ಮೂಗನ್ನು ನೆಲಕ್ಕೆ ಉಜ್ಜುತ್ತವೆ. ಒಳಹೊಕ್ಕ ಹುಳುಗಳು ಮೂಗಿನ ದಾರಿಯಲ್ಲಿ ಮೇಲೇರಿ, ಎರಡು ಸಲ ಪೊರೆ ಕಳಚಿ, ಹಣೆಯ ಎಲುಬಿನ ಗೂಡುಗಳಲ್ಲಿ ಕೊಬ್ಬುತ್ತವೆ. ಕುರಿ ಗೊಣ್ಣೆ ಸುರಿಸುತ್ತದೆ, ಸೀನುತ್ತದೆ, ಸೊರಗುತ್ತದೆ. ಬಲಿತ ಹುಳು ಸೀನಿನೊಡನೆ ನೆಲಕ್ಕೆ ಬಿದ್ದು, ಮಣ್ಣಿನಲ್ಲಿ ಹುದುಗಿ ಕೋಶ ಕಟ್ಟಿ, ಹವೆಗೆ ತಕ್ಕಂತೆ ಕೆಲವು ವಾರಗಳಲ್ಲಿ ಮತ್ತೆ ನೊಣವಾಗಿ ಏಳುತ್ತದೆ.

ಈ ನೊಣಕ್ಕೆ ಮನುಷ್ಯನ ಮೇಲೆ ಹಗೆಯೇನೂ ಇಲ್ಲ. ಅದು ಗುರಿಯಿಡುವುದು ಕುರಿಯ ಒದ್ದೆ ಮೂಗಿಗೆ. ಮಂದೆಯ ನಡುವೆ, ಇಲ್ಲವೆ ಮಂದೆ ಹಾದುಹೋದ ದಾರಿಯಲ್ಲಿ, ಮನುಷ್ಯನ ಒದ್ದೆ ಕಣ್ಣು ಅದಕ್ಕೆ ಎದುರಾದರೆ ಗುರಿ ತಪ್ಪುತ್ತದೆ, ಅಷ್ಟೇ. ಬಿದ್ದವರಿಗೆ ಚೆನ್ನಾಗಿ ನೆನಪಿರುತ್ತದೆ. ಏನೋ ಕಣ್ಣಿಗೆ ರಪ್ಪನೆ ಹೊಡೆದಂತಾಯಿತು, ಹುಳವೋ ದೂಳೋ ಎಂದುಕೊಂಡೆ ಎನ್ನುತ್ತಾರೆ. ಕೆಲವು ಗಂಟೆಗಳಲ್ಲಿ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ. ಮರಳು ಬಿದ್ದಂತೆ ಚುಚ್ಚುತ್ತದೆ, ಉರಿಯುತ್ತದೆ, ಬೆಳಕನ್ನು ನೋಡಲಾಗುವುದಿಲ್ಲ, ರೆಪ್ಪೆ ಊದುತ್ತದೆ. ಕೆಲವರಿಗೆ ಒಳಗೆ ಏನೋ ಹರಿದಾಡಿದಂತೆ ಅನಿಸುತ್ತದೆ. ಅದು ಬರೀ ಭ್ರಮೆಯಲ್ಲ. ಹುಳುಗಳು ನಿಜವಾಗಿಯೂ ಹರಿದಾಡುತ್ತಿರುತ್ತವೆ. ಒಂದು ಮಿಲಿಮೀಟರಿನಷ್ಟು ಉದ್ದ, ಗಾಜಿನಂತೆ ತಿಳಿಯಾದ ಮೈ, ಒಂದು ತುದಿಯಲ್ಲಿ ಕಪ್ಪು ಚುಕ್ಕೆ. ಆ ಕಪ್ಪು ಚುಕ್ಕೆಯೇ ಬಾಯಿಯ ಜೋಡಿ ಕೊಕ್ಕೆ. ಆ ಕೊಕ್ಕೆಯಿಂದ ಅದು ಕಣ್ಣಿನ ಬಿಳಿಯ ಮೇಲಿನ ತೆಳುಪೊರೆಯನ್ನು ಹಿಡಿದು ನೇತಾಡುತ್ತದೆ. ಬೆಳಕು ಕಂಡರೆ ರೆಪ್ಪೆಯ ಒಳಮಡಿಕೆಗೆ ಓಡುತ್ತದೆ. ಆದುದರಿಂದ ನೀರು ಚಿಮುಕಿಸಿ ತೊಳೆದರೆ ದೂಳು ಹೋಗುವ ಹಾಗೆ ಇದು ಹೋಗುವುದಿಲ್ಲ. ಒಂದು ಕಣ್ಣಿನಲ್ಲಿ ಒಂದೆರಡೇ ಇರಬಹುದು, ಹತ್ತಿಪ್ಪತ್ತೂ ಇರಬಹುದು.

ಇದರಲ್ಲಿ ಸಮಾಧಾನದ ಮಾತೂ ಒಂದುಂಟು. ಕುರಿಯ ಮೂಗಿನಲ್ಲಿ ಬೆಳೆಯುವಂತೆ ಈ ಹುಳು ಮನುಷ್ಯನ ಕಣ್ಣಿನಲ್ಲಿ ಬೆಳೆಯಲಾರದು. ಮೊದಲನೆಯ ಅವಸ್ಥೆಯಲ್ಲಿಯೇ ನಿಂತು, ತೆಗೆಯದೆ ಬಿಟ್ಟರೂ ಸುಮಾರು ಹತ್ತು ದಿನದೊಳಗೆ ಸಾಯುತ್ತದೆ. ಹಾಗಾದರೆ ಸುಮ್ಮನಿರಬಹುದಲ್ಲವೇ ಎಂದು ಕೇಳಬೇಡಿರಿ. ಅಷ್ಟು ದಿನ ಅದರ ಕೊಕ್ಕೆ ಮತ್ತು ಮೈಮುಳ್ಳುಗಳು ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲವನ್ನು ಗೀರುತ್ತಿದ್ದರೆ, ಆ ಗೀರಿನಲ್ಲಿ ಕೀವು ಕಟ್ಟಿದರೆ, ಹುಳು ಸತ್ತರೂ ಹುಣ್ಣು ಉಳಿಯುತ್ತದೆ. ಹುಣ್ಣು ಮಾಗಿದ ಮೇಲೆ ಬಿಳಿ ಕಲೆಯಾಗುತ್ತದೆ.

ಕುರಿ ಇದ್ದಲ್ಲೆಲ್ಲ ಈ ನೊಣ ಇದೆ. ಅಲ್ಜೀರಿಯಾದ ಗುಡ್ಡಗಾಡಿನ ಕಬೈಲ್ ಜನರಲ್ಲಿ ಇದಕ್ಕೆ ತಿಮ್ನಿ ಎಂಬ ಹೆಸರೇ ಇತ್ತು. ಎಡ್ಮಂಡ್ ಮತ್ತು ಎತಿಯೆನ್ ಸೆರ್ಜೆಂಟ್ ಎಂಬ ಅಣ್ಣತಮ್ಮಂದಿರು 1907ರಲ್ಲಿ ಅದನ್ನು ಪರಿಶೀಲಿಸಿ, ತಿಮ್ನಿ ಎಂದರೆ ಕುರಿಯ ಮೂಗುನೊಣದ ಹುಳುವೇ ಎಂದು ಬರೆದರು. ಸಹಾರಾ ಬೆಟ್ಟಗಳ ತುವಾರೆಗ್ ಜನರು ತಮ್ನೆ ಎಂದು ಕರೆಯುವ ಬೇನೆಯೂ ಇದೇ ಎಂದು 1913ರಲ್ಲಿ ಅವರೇ ತಿಳಿಸಿದರು. ಅಲ್ಲಿನ ಕುರುಬರಿಗೆ ಕಣ್ಣಿಗೆ ಮಾತ್ರವಲ್ಲ, ಮೂಗಿಗೂ ಗಂಟಲಿಗೂ ಹುಳು ಬೀಳುತ್ತಿತ್ತು. ಲಿಬಿಯಾದ ಬೆಂಗಾಜಿ ಸುತ್ತಿನಿಂದ 1980ರಲ್ಲಿ ಇಂಥ ರೋಗಿಗಳ ದೊಡ್ಡ ವರದಿಯೊಂದು ಬಂತು. ದಕ್ಷಿಣ ಅಫಘಾನಿಸ್ತಾನದಲ್ಲಿದ್ದ ಸೈನಿಕರ ಕಣ್ಣುಗಳಿಗೂ ಬಿದ್ದ ಸುದ್ದಿ 2008ರಲ್ಲಿ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ದೇಶದ ಕಣ್ಣಿನ ವೈದ್ಯರೂ ಉತ್ತರ ದಕ್ಷಿಣವೆನ್ನದೆ ಇಂಥ ರೋಗಿಗಳ ಬಗ್ಗೆ ಬರೆದಿದ್ದಾರೆ.

ಕಬೈಲ್ ಕುರುಬನು ತನಗೆ ತಿಮ್ನಿ ಬಡಿದಿದೆ ಎಂದು ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನು, ನೆಗಡಿಯಾಗಿದೆ ಎನ್ನುವ ಹಾಗೆ. ಬೇನೆಗೆ ಹೆಸರಿದ್ದರೆ ನಾಚಿಕೆ ಅರ್ಧ ಇಳಿಯುತ್ತದೆ ಎಂದು ನಮಗೆ ತೋರುತ್ತದೆ. ನಮ್ಮ ಸೀಮೆಯಲ್ಲಿ ಕುರಿಗೇನು ಕಡಿಮೆಯೇ? 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 7 ಕೋಟಿ 42 ಲಕ್ಷ ಕುರಿಗಳಿದ್ದವು. ಅವುಗಳಲ್ಲಿ ತೆಲಂಗಾಣದ ಪಾಲು 1 ಕೋಟಿ 90 ಲಕ್ಷ, ಆಂಧ್ರದ್ದು 1 ಕೋಟಿ 76 ಲಕ್ಷ, ಕರ್ನಾಟಕದ್ದು 1 ಕೋಟಿ 11 ಲಕ್ಷ. ಈ ಮೂರೇ ರಾಜ್ಯಗಳಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ಕುರಿ. ಇದಲ್ಲದೆ ಜತ್ತ ತಾಲೂಕಿನ ಮಾಡಗ್ಯಾಳದ ಕುರಿ ಎಂದರೆ ಸಂತೆಯಲ್ಲಿ ಅದಕ್ಕೊಂದು ಬೆಲೆಯೇ ಬೇರೆ. ಮಳೆ ಹೋದೊಡನೆ ಮಂದೆಗಳು ಗಡಿ ಯಾವುದೆಂದು ಕೇಳದೆ ಹೊಲದಿಂದ ಹೊಲಕ್ಕೆ ನಡೆಯುತ್ತವೆ. ನೊಣವೂ ಅವುಗಳ ಹಿಂದೆಯೇ ನಡೆಯುತ್ತದೆ.

ನಾಚಿಕೆಯ ಮಾತು ಬಂದುದರಿಂದ ಅದನ್ನು ಇಲ್ಲಿಯೇ ಮುಗಿಸುತ್ತೇವೆ. ಹುಳು ಬಿತ್ತೆಂದರೆ ನಮ್ಮ ಜನರು ಮೊದಲು ನೆನಸುವುದು ಕರ್ಮವನ್ನು. ಕ್ರೈಸ್ತರಾದ ನಾವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಹೆರೋದ ಅರಸನು ಹುಳುಬಿದ್ದು ಸತ್ತ ಸಂಗತಿ ಅಪೊಸ್ತಲರ ಕೃತ್ಯಗಳಲ್ಲಿ ಇದೆಯಲ್ಲ, ಇವನೂ ಏನೋ ಮಾಡಿರಬೇಕು ಎಂಬ ಪಿಸುಮಾತು ನಮ್ಮ ಸಭೆಗಳಲ್ಲಿಯೂ ಕೇಳಿಬರುತ್ತದೆ. ಹೀಗೆ ಮಾತಾಡುವವರು ಯೋಬನ ಪುಸ್ತಕವನ್ನು ಏಕೆ ಮರೆಯುತ್ತಾರೋ ತಿಳಿಯದು. ಯೋಬನ ಮೈಯೂ ಹುಳುವಿನಿಂದ ತುಂಬಿತ್ತು, ಅವನಲ್ಲಿ ಪಾಪ ಹುಡುಕಿದ ಸ್ನೇಹಿತರೇ ಕೊನೆಗೆ ತಪ್ಪಿತಸ್ಥರಾದರು. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಯಾರೆಂದು ಶಿಷ್ಯರು ಕೇಳಿದಾಗ ಕರ್ತನು ಆ ಪ್ರಶ್ನೆಯನ್ನೇ ಒಪ್ಪಲಿಲ್ಲ. ಕೊಳೆಯಿಂದ ಬಂತು ಎನ್ನುವ ಮಾತೂ ಸರಿಯಲ್ಲ. ಮೈತೊಳೆದು ಬಿಳಿ ಅಂಗಿ ಹಾಕಿಕೊಂಡು ಮೋಟಾರುಸೈಕಲ್ ಮೇಲೆ ಮಂದೆಯ ಪಕ್ಕದಲ್ಲಿ ಹೋಗುವ ಗುಮಾಸ್ತನ ಕಣ್ಣಿಗೂ ಇದು ಬೀಳಬಹುದು.

ನಾಚಿಕೆಯಿಂದ ಆಗುವ ಕೆಡುಕೇನೆಂದರೆ, ಜನರು ಹೇಳದೆ ಮನೆಯಲ್ಲಿಯೇ ಮದ್ದು ಮಾಡಿಕೊಳ್ಳುತ್ತಾರೆ. ಯಾವುದೋ ಸೊಪ್ಪಿನ ರಸ, ಮೊಲೆಹಾಲು, ಹೊಗೆಸೊಪ್ಪಿನ ನೀರು, ಕೆಲವೆಡೆ ಸೀಮೆಎಣ್ಣೆ ಸೋಕಿಸಿದ ಬಟ್ಟೆ ಕೂಡ. ಅಜ್ಜಿಯ ಮದ್ದುಗಳನ್ನೆಲ್ಲ ಹಳಿಯುವವರು ನಾವಲ್ಲ. ಕಷಾಯದ ಗುಣ ನಮಗೂ ಗೊತ್ತಿದೆ. ಆದರೆ ಕಣ್ಣಿನ ಪಟಲಕ್ಕೆ ಗೀರು ಬಿದ್ದಿರುವಾಗ ಸೊಪ್ಪಿನ ರಸದೊಡನೆ ಬೂಷ್ಟು ಮತ್ತು ರೋಗಾಣುಗಳು ಒಳಸೇರಿ ಆಗುವ ಹುಣ್ಣು ನೊಣದ ಹುಳುವಿಗಿಂತ ಕೇಡಿನದು. ಇನ್ನು ಕೆಲವರು ಔಷಧಿ ಅಂಗಡಿಗೆ ಹೋಗಿ ಕಣ್ಣು ಕೆಂಪಾಗಿದೆ, ಡ್ರಾಪ್ಸ್ ಕೊಡಿ ಎನ್ನುತ್ತಾರೆ. ಅಂಗಡಿಯವನು ಮದ್ರಾಸ್ ಐ ಎಂದು ತಿಳಿದು ಒಂದು ಸೀಸೆ ಕೊಡುತ್ತಾನೆ. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಉರಿ ತಗ್ಗುತ್ತದೆ, ಕೆಂಪು ಇಳಿಯುತ್ತದೆ, ಹುಳು ಮಾತ್ರ ಅಲ್ಲಿಯೇ ಇರುತ್ತದೆ. ಗೀರಿನಲ್ಲಿ ಸೋಂಕು ಹಿಡಿದಿದ್ದರೆ ಅದೇ ಸ್ಟೀರಾಯ್ಡ್ ಅದನ್ನು ಒಳಗೊಳಗೇ ಬೆಳೆಸುತ್ತದೆ.

ಮದ್ರಾಸ್ ಐಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಅದು ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹಬ್ಬುತ್ತದೆ, ಒಂದು ಕಣ್ಣಿಗೆ ಬಂದು ಬಹಳ ಸಲ ಇನ್ನೊಂದಕ್ಕೂ ದಾಟುತ್ತದೆ. ಇದು ಸಾಮಾನ್ಯವಾಗಿ ಒಂದೇ ಕಣ್ಣಿಗೆ, ಹೊಡೆದ ಗಳಿಗೆ ಇಂಥದ್ದೇ ಎಂದು ಹೇಳಬಹುದಾದಷ್ಟು ತಟ್ಟನೆ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದುದರಿಂದ ದವಾಖಾನೆಗೆ ಹೋದವರು ಆಡಬೇಕಾದ ಮೊದಲ ಮಾತು ಕಣ್ಣು ಕೆಂಪಾಗಿದೆ ಎಂಬದಲ್ಲ, ಕುರಿಯ ಹತ್ತಿರ ಇದ್ದಾಗ ಕಣ್ಣಿಗೆ ನೊಣ ಹೊಡೆಯಿತು ಎಂಬದು. ಗಡಿಯಾಚೆ ಇರುವ ನಮ್ಮವರಿಗೆ ಸಂತೆಯ ಭಾಷೆ ಬಂದರೂ ದವಾಖಾನೆಯಲ್ಲಿ ಬಾಯಿ ಕಟ್ಟುತ್ತದೆ, ವಯಸ್ಸಾದ ಹೆಂಗಸರಿಗಂತೂ ಹೆಚ್ಚು. ಮರಾಠಿಯಲ್ಲಿ ನೊಣಕ್ಕೆ ಮಾಶಿ, ತಮಿಳಿನಲ್ಲಿ ಈ, ತೆಲುಗಿನಲ್ಲಿ ಈಗ. ಆದೋನಿಯ ಡಾಕ್ಟರು ಈಗ ಎಂದರೆ ಅದು ನಮ್ಮ ಈಗ ಅಲ್ಲ, ನೊಣ! ಈ ಒಂದು ಶಬ್ದ ಸರಿಯಾಗಿ ಹೇಳಿದರೆ ವೈದ್ಯರ ಕೈ ತಾನೇ ರೆಪ್ಪೆಯ ಕಡೆಗೆ ಹೋಗುತ್ತದೆ.

ಅಲ್ಲಿ ನಡೆಯಬೇಕಾದ ಕೆಲಸವೂ ದೊಡ್ಡದಲ್ಲ. ಕಣ್ಣಿಗೆ ಮರಗಟ್ಟುವ ಹನಿ ಹಾಕುತ್ತಾರೆ. ಅದರಿಂದ ನೋವು ನಿಲ್ಲುವುದಲ್ಲದೆ ಹುಳುವಿನ ಹಿಡಿತವೂ ಸಡಿಲವಾಗುತ್ತದೆ. ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದ ಮುಂದೆ ಗದ್ದವನ್ನಿಟ್ಟು ಕೂರಿಸಿ, ಮೇಲಿನ ರೆಪ್ಪೆಯನ್ನೂ ಕೆಳಗಿನದನ್ನೂ ಮಗುಚಿ, ಮಡಿಕೆ ಮಡಿಕೆ ನೋಡಿ, ಸಣ್ಣ ಚಿಮುಟದಿಂದ ಒಂದೊಂದನ್ನೇ ಎತ್ತುತ್ತಾರೆ. ಸೋಂಕು ತಡೆಯುವ ಮುಲಾಮು ಹಚ್ಚುತ್ತಾರೆ. ಒಂದು ಹುಳು ಕಣ್ತಪ್ಪಿಸಿಕೊಂಡಿರಬಹುದಾದುದರಿಂದ ಮಾರನೆಯ ದಿನವೋ ಅದರ ಮರುದಿನವೋ ಮತ್ತೆ ನೋಡಬೇಕು. ನೆಗಡಿ, ಮೂಗುರಿ ಇದ್ದರೆ ಮೂಗನ್ನೂ ಪರೀಕ್ಷಿಸಬೇಕು. ಅನೇಕರಿಗೆ ಕುಳಿತು ಏಳುವಷ್ಟರಲ್ಲಿ ಅರ್ಧ ಉಪಶಮನವಾಗುತ್ತದೆ. ಸ್ಲಿಟ್ ಲ್ಯಾಂಪ್ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಒಂದು ಟಾರ್ಚು, ಒಂದು ಭೂತಗನ್ನಡಿ ಮತ್ತು ತಾಳ್ಮೆ ಇದ್ದರೆ ಹುಳು ಕಾಣುತ್ತದೆ. ಬರೀ ಕಣ್ಣಿನಿಂದ ದೂರದಲ್ಲಿ ನಿಂತು ನೋಡಿ ಏನೂ ಇಲ್ಲ ಎಂದು ಕಳುಹಿಸಿದರೆ, ಮರ್ಯಾದೆಯಿಂದಲೇ, ರೆಪ್ಪೆ ಮಗುಚಿ ನೋಡಿರೆಂದು ಕೇಳಿಕೊಳ್ಳುವುದು ತಪ್ಪಲ್ಲ. ಇದನ್ನು ಕೇಳಲು ಧೈರ್ಯ ಬೇಕೆಂಬದನ್ನು ಬಲ್ಲೆವು. ಹರಿದ ಕಂಬಳಿ ಹೊದ್ದು ಬಂದವನಿಗೆ ಸರತಿಯಲ್ಲಿ ಸಿಗುವ ಹೊತ್ತು ಎಷ್ಟೆಂಬದನ್ನೂ ಬಲ್ಲೆವು.

ಅಪರೂಪಕ್ಕೆ ನೊಣದ ಹುಳು ಕಣ್ಣುಗುಡ್ಡೆಯನ್ನು ಕೊರೆದು ಒಳಗೇ ಹೋಗುವುದುಂಟು. ಅದು ಹೆಚ್ಚಾಗಿ ದನದ ಮತ್ತು ಹಿಮಸಾರಂಗದ ಚರ್ಮದಲ್ಲಿ ಬೆಳೆಯುವ ಬೇರೆ ನೊಣಗಳ ಕೆಲಸ. ನಾರ್ವೆಯಲ್ಲಿ 2011ರಿಂದ 2016ರ ನಡುವೆ ಹಿಮಸಾರಂಗದ ನೊಣದ ಹುಳು ಮೈಹೊಕ್ಕ 39 ಮಂದಿಯನ್ನು ವೈದ್ಯರು ದಾಖಲಿಸಿದರು, ಅವರಲ್ಲಿ ಬಹುಮಂದಿ ಮಕ್ಕಳು. ಅಲ್ಲಿ ನೊಣ ಮಕ್ಕಳ ತಲೆಗೂದಲಿಗೆ ಮೊಟ್ಟೆ ಅಂಟಿಸುತ್ತದೆ, ಒಡೆದ ಹುಳು ಚರ್ಮದಡಿಯಲ್ಲಿ ಅಲೆಯುತ್ತ ಕೆಲವೊಮ್ಮೆ ಕಣ್ಣಿಗೆ ಬರುತ್ತದೆ. ನಮ್ಮ ಕುರಿಯ ಮೂಗುನೊಣ ಹೀಗೆ ಒಳಹೋಗುವುದು ಬಹಳ ವಿರಳ. ಆದರೂ ನೋಟ ಮಂಜಾದರೆ, ಕಣ್ಣೆದುರು ಕಪ್ಪು ಗೆರೆಗಳು ಓಡಾಡಿದರೆ, ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು.

ಇಷ್ಟು ಹೊತ್ತು ಹೇಳಿದ್ದು ಆಕಸ್ಮಿಕದ ಮಾತು. ಇನ್ನೊಂದು ಹುಳುವಿದೆ. ಅದರ ಮಾತು ಬೇರೆ. ಜನರು ಎರಡನ್ನೂ ಒಂದೇ ಎಂದು ಬೆರೆಸುವುದರಿಂದ ಮೊದಲಿನದಕ್ಕೆ ಇಲ್ಲದ ಭಯ, ಎರಡನೆಯದಕ್ಕೆ ಸಲ್ಲದ ಸಸಾರ ಹುಟ್ಟಿದೆ.

ಈ ಎರಡನೆಯ ನೊಣದ ಹೆಸರು ಕ್ರೈಸೋಮಿಯಾ ಬೆಜ್ಜಿಯಾನಾ. ಹಸಿರು ನೀಲಿ ಮಿಂಚುವ ಮೈ. ದನದ ಹುಣ್ಣಿಗೆ ಹುಳು ಬೀಳಿಸುವ ನೊಣಗಳಲ್ಲಿ ಇದೇ ಕ್ರೂರವಾದದ್ದು. ಕೊಳೆತ ಮಾಂಸಕ್ಕೆ ಮುತ್ತುವ ನೊಣಗಳ ಹಾಗಲ್ಲ, ಇದರ ಹುಳು ತಿನ್ನುವುದು ಜೀವವಿರುವ ಮಾಂಸವನ್ನು. ತೆರೆದ ಗಾಯದ ಅಂಚಿನಲ್ಲಿ ಒಂದೇ ಸಲಕ್ಕೆ ನೂರೈವತ್ತು ಇನ್ನೂರು ಮೊಟ್ಟೆಯಿಡುತ್ತದೆ. ಒಂದು ದಿನದೊಳಗೆ ಮೊಟ್ಟೆ ಒಡೆದು, ಹುಳುಗಳು ತಲೆ ಕೆಳಗೆ ಮಾಡಿ ಗಾಯದೊಳಕ್ಕೆ ತಿರುಪಿನ ಹಾಗೆ ಕೊರೆಯುತ್ತವೆ. ಆರೇಳು ದಿನ ತಿಂದು ನೆಲಕ್ಕೆ ಬೀಳುತ್ತವೆ. ಅಷ್ಟರಲ್ಲಿ ಗಾಯದ ವಾಸನೆಗೆ ಇನ್ನಷ್ಟು ನೊಣಗಳು ಬಂದಿರುತ್ತವೆ. ಗಾಯವು ರೆಪ್ಪೆಯಲ್ಲಿಯೋ ಕಣ್ಣಿನ ಮೂಲೆಯಲ್ಲಿಯೋ ಇದ್ದರೆ, ಕೆಲವೇ ದಿನಗಳಲ್ಲಿ ಕಣ್ಣುಗೂಡಿನ ಮಾಂಸವೆಲ್ಲ ಹೋಗಬಹುದು, ಅಲ್ಲಿಂದ ಮುಂದೆ ಮೆದುಳಿನ ಕಡೆಗೂ ದಾರಿಯಾಗಬಹುದು.

ಇದು ಆರೋಗ್ಯದ ಕಣ್ಣಿಗೆ ಹಾರಿಬಂದು ಬೀಳುವುದಿಲ್ಲ. ಇದಕ್ಕೆ ತೆರೆದ ಗಾಯ ಬೇಕು, ಆ ಗಾಯವನ್ನು ಯಾರೂ ನೋಡದ ಒಂದೆರಡು ದಿನ ಬೇಕು. ಯಾರಿಗೆ ಬಂತೆಂದು ವೈದ್ಯರ ಬರಹಗಳನ್ನು ತೆರೆದರೆ ಒಂದೇ ಬಗೆಯ ಜನರು ಕಾಣುತ್ತಾರೆ. ರೆಪ್ಪೆಯಲ್ಲಿ ಕ್ಯಾನ್ಸರ್ ಹುಣ್ಣಾಗಿ ಅದನ್ನು ಬಟ್ಟೆಯಿಂದ ಮುಚ್ಚಿಕೊಂಡಿದ್ದ ಮುದುಕರು, ಪಾರ್ಶ್ವವಾಯು ಬಡಿದು ಮೂಲೆಯಲ್ಲಿ ಮಲಗಿದ್ದು ಮುಖದ ಮೇಲಿನ ನೊಣ ಓಡಿಸಲು ಕೈ ಎತ್ತಲಾರದವರು, ಬುದ್ಧಿ ಸ್ಥಿಮಿತದಲ್ಲಿಲ್ಲದವರು, ಮಧುಮೇಹದಿಂದ ಗಾಯ ಮಾಯದವರು, ಕುಷ್ಠದಿಂದ ಮುಖದ ಸ್ಪರ್ಶಜ್ಞಾನ ಹೋಗಿ ನೋವೇ ತಿಳಿಯದವರು. ಕೆಲವೊಮ್ಮೆ ಕುಡಿದು ಬಿದ್ದು ಹುಬ್ಬು ಒಡೆದುಕೊಂಡು ಬಯಲಿನಲ್ಲಿ ಮಲಗಿದವರು. ಗಾಯಕ್ಕಿಂತ ಮೊದಲೇ ಇವರೆಲ್ಲ ಮನೆಯವರ ನೋಟದಿಂದ ಜಾರಿದವರು. ಮನೆಯವರನ್ನು ದೂಷಿಸುವುದೂ ಸುಲಭವಲ್ಲ. ಬೆಳಿಗ್ಗೆ ಆರಕ್ಕೆ ಕೂಲಿಗೆ ಹೊರಡುವ ಮಗ ಸೊಸೆ, ಹಾಸಿಗೆಯ ಪಕ್ಕದಲ್ಲಿ ನೀರು, ಗಂಜಿ ಇಟ್ಟು ಬಾಗಿಲು ಮುಂದೆ ಮಾಡಿ ಹೋಗುತ್ತಾರೆ. ಸಂಜೆಯ ಮಂದ ಬೆಳಕಿನಲ್ಲಿ ಕಟ್ಟಿದ ಬಟ್ಟೆಯ ಅಡಿಯಲ್ಲಿ ಏನಿದೆ ಎಂದು ಬಿಚ್ಚಿ ನೋಡಲು ಅವರಿಗೂ ಮನಸ್ಸು ಬರುವುದಿಲ್ಲ. ವಾಸನೆ ಬಂದ ಮೇಲೆ ನೋಡುತ್ತಾರೆ. ಹೀಗಿರುವಲ್ಲಿ, ವಾರಕ್ಕೊಮ್ಮೆ ಭೇಟಿಗೆ ಹೋಗಿ ಪ್ರಾರ್ಥನೆ ಮಾಡಿ ಬರುವ ನಮ್ಮ ಸಭೆಯ ಹಿರಿಯರು, ಹೆಂಗಸರ ಸಂಘದವರು, ಮಲಗಿದವರ ಮುಖದ ಬಟ್ಟೆಯನ್ನು ತೆಗೆದು ನೋಡುವುದನ್ನೂ ಭೇಟಿಯ ಭಾಗವಾಗಿ ಮಾಡಿಕೊಂಡರೆ ಏನು ಕಷ್ಟ? ಹಗಲು ಹೊತ್ತು ಸೊಳ್ಳೆಪರದೆ ಕಟ್ಟುವುದು, ಗಾಯವನ್ನು ದಿನಕ್ಕೊಮ್ಮೆ ತೊಳೆದು ಶುದ್ಧವಾದ ಬಟ್ಟೆಯಿಂದ ಮುಚ್ಚುವುದು, ಇಷ್ಟರಿಂದಲೇ ಬಹುಪಾಲು ತಪ್ಪುತ್ತದೆ.

ಹುಳು ಬಿದ್ದಾಗಿದ್ದರೆ ಅದು ಮನೆಯ ಕೆಲಸವಲ್ಲ. ದನದ ಹುಣ್ಣಿಗೆ ಹಾಕುವ ಫಿನಾಯಿಲು, ಸುಣ್ಣ, ಪೆಟ್ರೋಲು ಕಣ್ಣಿನ ಹತ್ತಿರ ಬಂದರೆ ಉಳಿದಿದ್ದ ಕಣ್ಣೂ ಹೋಗುತ್ತದೆ. ಆಸ್ಪತ್ರೆಯಲ್ಲಿ ಟರ್ಪೆಂಟೈನ್ ಎಣ್ಣೆಯಂಥದ್ದನ್ನು ಎಚ್ಚರಿಕೆಯಿಂದ ಉಪಯೋಗಿಸಿ, ಉಸಿರುಗಟ್ಟಿ ಮೇಲೆ ಬರುವ ಹುಳುಗಳನ್ನು ದಿನವೂ ಎತ್ತುತ್ತಾರೆ. ಸತ್ತ ಮಾಂಸ ತೆಗೆದು ಗಾಯ ಶುದ್ಧಮಾಡುತ್ತಾರೆ. ಈಚಿನ ವರ್ಷಗಳಲ್ಲಿ ಐವರ್ಮೆಕ್ಟಿನ್ ಗುಳಿಗೆಯನ್ನೂ ಕೊಡುತ್ತಾರೆ. ಈ ಔಷಧಿಯ ಮೂಲವನ್ನು ಕಂಡುಹಿಡಿದುದಕ್ಕಾಗಿ ಜಪಾನಿನ ಸತೋಷಿ ಓಮುರಾ ಮತ್ತು ಐರ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು. ಕುರಿಗೆ ಹಾಕುವ ಔಷಧಿಯೂ ಇದೇ ಅಲ್ಲವೇ ಎಂದು ಕುರಿಯ ಸೀಸೆಯಿಂದ ಮನುಷ್ಯರಿಗೆ ಕುಡಿಸುವವರಿದ್ದಾರೆ. ಹಾಗೆ ಮಾಡಬೇಡಿರಿ. ಪ್ರಮಾಣ ಬೇರೆ, ಬೆರಕೆ ಬೇರೆ. ತೀರ ತಡವಾಗಿ ಬಂದವರಿಗೆ ಜೀವ ಉಳಿಸುವುದಕ್ಕಾಗಿ ಕಣ್ಣುಗೂಡನ್ನೇ ಬರಿದು ಮಾಡಬೇಕಾಗುತ್ತದೆ.

ಅಮೆರಿಕಾ ಖಂಡದಲ್ಲಿ ಇದರ ದಾಯಾದಿಯಾದ ಇನ್ನೊಂದು ನೊಣವಿದೆ. ಅದರ ಗಂಡುನೊಣಗಳಿಗೆ ವಿಕಿರಣ ತಾಗಿಸಿ ಬಂಜೆ ಮಾಡಿ ವಿಮಾನದಿಂದ ಸುರಿಸುವ ಉಪಾಯದಿಂದ 1954ರಲ್ಲಿ ಕ್ಯುರಸಾವ್ ದ್ವೀಪದಲ್ಲಿ ಅದನ್ನು ಇಲ್ಲವಾಗಿಸಿದರು. ಅದೇ ನೊಣ ಹಡಗಿನಲ್ಲಿ ಬಂದ ಪಶುಗಳೊಡನೆಯೋ ಏನೋ ಲಿಬಿಯಾಕ್ಕೆ ಬಂದಿಳಿದಾಗ ಅದೇ ಉಪಾಯದಿಂದ 1991ರ ಹೊತ್ತಿಗೆ ಅಲ್ಲಿಂದಲೂ ತೊಲಗಿಸಿದರು. ಇಷ್ಟೆಲ್ಲ ಖರ್ಚು ಮಾಡಿದ್ದು ಮುಖ್ಯವಾಗಿ ದನಕರುಗಳ ಬೆಲೆಗೋಸ್ಕರ. ಮೂಲೆಯಲ್ಲಿ ಮಲಗಿದ ಮುದುಕಿಗೆ ಸಂತೆಯಲ್ಲಿ ಬೆಲೆಯಿಲ್ಲವಲ್ಲ.

ಕಾನೂನಿನ ಮಾತನ್ನೂ ಎತ್ತಬೇಕು. 1923ರ ಪರಿಹಾರ ಕಾಯಿದೆಯ ಮೂರನೆಯ ಅನುಬಂಧದಲ್ಲಿ ಉದ್ಯೋಗದಿಂದ ಬರುವ ರೋಗಗಳ ಪಟ್ಟಿಯಿತ್ತು. ಆ ಪಟ್ಟಿಯ ಮೊದಲನೆಯ ಸಾಲಿನಲ್ಲಿಯೇ ಪ್ರಾಣಿಗಳನ್ನು, ಪ್ರಾಣಿಗಳ ಕಳೇಬರವನ್ನು ಮುಟ್ಟಿ ಮಾಡುವ ಕೆಲಸದಲ್ಲಿ ಅಂಟುವ ಸೋಂಕು ಮತ್ತು ಪರೋಪಜೀವಿಗಳ ರೋಗಗಳು ಸೇರಿದ್ದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದು ಹಳೆಯ ಕಾಯಿದೆಯ ಸ್ಥಾನವನ್ನು ಹಿಡಿಯಿತು, ಅದರಲ್ಲಿಯೂ ಈ ಪಟ್ಟಿ ಉಳಿದಿದೆ. ಅಂದರೆ ಕಸಾಯಿಖಾನೆಯಲ್ಲಿ, ಕುರಿ ಫಾರಂನಲ್ಲಿ ಸಂಬಳಕ್ಕೆ ದುಡಿಯುವವನ ಕಣ್ಣು ಈ ಕಾರಣದಿಂದ ಕೆಟ್ಟರೆ ಪರಿಹಾರ ಕೇಳುವ ದಾರಿಯಿದೆ. ಮೂರು ದಿನಕ್ಕಿಂತ ಹೆಚ್ಚು ಕೆಲಸ ಕೆಟ್ಟರೆ ಮಾತ್ರ ಎಂಬ ಷರತ್ತೂ ಇದೆ. ಎರಡು ದಿನ ಕಣ್ಣು ಮುಚ್ಚಿ ಕುಳಿತವನ ಎರಡು ದಿನದ ಕೂಲಿ ಹೋದದ್ದೇ. ಇನ್ನು ವರ್ಷಕ್ಕಿಷ್ಟು ಮರಿ, ಎರಡು ಹೊತ್ತು ರೊಟ್ಟಿ, ಒಂದು ಕಂಬಳಿ ಎಂಬ ಮಾತಿನ ಮೇಲೆ ಮಂದೆಯ ಹಿಂದೆ ಹೋಗುವ ಆಳು ಇದ್ದಾನಲ್ಲ, ಅವನ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ? ಕಾನೂನು ಇವನ ತನಕ ಬರಬೇಕಾದರೆ ಮೊದಲು ಒಂದು ಚೀಟಿಯಾದರೂ ಬರೆಯಿಸಿಕೊಳ್ಳಬೇಕು. ದವಾಖಾನೆಯ ಚೀಟಿಯಲ್ಲಿ ಬರೀ ಕಣ್ಣುಬೇನೆ ಎಂದು ಬರೆಯಿಸಿಕೊಳ್ಳದೆ, ನೊಣದ ಹುಳು ತೆಗೆಯಲಾಯಿತು ಎಂದು ಬರೆಯಿಸಿಕೊಳ್ಳುವುದೂ ಮುಂದೆ ಕೆಲಸಕ್ಕೆ ಬರುತ್ತದೆ.

ಕೊನೆಯದಾಗಿ ಕುರಿಯ ಒಡೆಯರಿಗೆ ಒಂದು ಮಾತು. ಮೂಗಿನ ಹುಳುವಿಗೆ ಐವರ್ಮೆಕ್ಟಿನ್, ಕ್ಲೋಸಾಂಟೆಲ್ ಎಂಬ ಔಷಧಿಗಳಿವೆ. ಗೊಣ್ಣೆ ಸುರಿಸುವ ಕುರಿಗಳನ್ನು ಪಶುವೈದ್ಯರಿಗೆ ತೋರಿಸಿ ಅವರು ಹೇಳಿದ ಅಳತೆಯಲ್ಲಿ ಹಾಕಿಸಿರಿ. ಕುರಿಯೂ ತೂಕ ಹಿಡಿಯುತ್ತದೆ, ಆಳಿನ ಕಣ್ಣೂ ಉಳಿಯುತ್ತದೆ. ಬಿಸಿಲೇರಿದ ಹೊತ್ತು ಮಂದೆಯ ನಡುವೆ ನಿಲ್ಲುವ ಹುಡುಗನಿಗೆ ಸಂತೆಯ ಅಗ್ಗದ ಕನ್ನಡಕ ಒಂದನ್ನು ಕೊಡಿಸಿದರೆ ನಿಮ್ಮ ಗಂಟೇನೂ ಕರಗುವುದಿಲ್ಲ. ತಲೆ ಒಡೆಯುವಾಗ ಹೊರಬಿದ್ದ ಹುಳುವನ್ನು ಇನ್ನು ಮುಂದೆ ಕಾಲಿನಿಂದ ಒತ್ತಟ್ಟಿಗೆ ಸರಿಸ ಬೇಡಿರಿ. ಬಲಿತದ್ದಾಗಿದ್ದು ಜೀವವಿದ್ದರೆ ಅದು ಅಂಗಳದ ಮಣ್ಣಿನಲ್ಲಿಯೇ ಕೋಶ ಕಟ್ಟಿ ನೊಣವಾಗಿ ಏಳಬಲ್ಲದು. ಒಲೆಯ ಕೆಂಡ ಅಲ್ಲಿಯೇ ಇರುತ್ತದೆ, ಅದರಲ್ಲಿ ಹಾಕಿರಿ.